ಎಕ್ಸೆಲ್‌ನಲ್ಲಿರುವ ಬೀಜದ ಲೆಕ್ಕ ಪವರ್‌ಪಾಯಿಂಟ್ ಸ್ಲೈಡ್‌ನಲ್ಲಿ ಫಾರಂ ಆಗಿ ಬರಬೇಕು, ದಾರಿ ಹೇಳಿ

ಎರೆಹೊಲ ನವಲಗುಂದ

ಎಲ್ಲರಿಗೂ ನಮಸ್ಕಾರ. ನಾನು ನವಲಗುಂದ ಕಡೆಯವಳು. ನಮ್ಮ ಭಾಗದ ರೈತರ ಗುಂಪಿನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಸೆಪ್ಟೆಂಬರ್‌ನಲ್ಲಿ ಧಾರವಾಡದ ಕೃಷಿ ಮೇಳದಲ್ಲಿ ಒಂದು ಮಳಿಗೆ ಹಾಕುತ್ತಿದ್ದೇವೆ. ಮೇಳ ಮುಗಿದ ಮೇಲೆ ಹಿಂಗಾರಿ ಬಿತ್ತನೆ. ಕಡಲೆ, ಬಿಳಿಜೋಳ, ಗೋಧಿ, ಕುಸುಬಿ. ಮಳಿಗೆಗೆ ಬರುವವರೆಲ್ಲ ಕೇಳೋದು ಒಂದೇ: "ನನ್ನ ಹೊಲಕ್ಕೆ ಬೀಜ ಎಷ್ಟು ಬೇಕು?"

ಇದಕ್ಕೆ ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದೇನೆ. ಬೆಳೆ, ತಳಿ, ಎರೆ ಭೂಮಿಯೋ ಮಸಾರಿಯೋ, ನೀರಾವರಿಯೋ ಖುಷ್ಕಿಯೋ, ಎಕರೆಗೆ ಎಷ್ಟು ಕೆಜಿ ಬೀಜ, ಸಾಲಿನ ಅಂತರ, ಬೀಜೋಪಚಾರ. ಸುಮಾರು 40 ಸಾಲುಗಳಿವೆ. ದೊಡ್ಡ ಟಿವಿಯಲ್ಲಿ ಸ್ಲೈಡ್ ಓಡುತ್ತಿರಬೇಕು. ರೈತರು ಬಂದು ಬೆಳೆ ಹೇಳಿದರೆ, ಎಷ್ಟು ಎಕರೆ ಅಂತ ಹೇಳಿದರೆ, ನಾನು ಅಲ್ಲೇ ಆರಿಸಬೇಕು. ಉತ್ತರ ದೊಡ್ಡ ಅಕ್ಷರದಲ್ಲಿ ಸ್ಲೈಡ್ ಮೇಲೆ ಕಾಣಬೇಕು.

ಎರಡು ರೀತಿ ಮಾಡಿ ನೋಡಿದೆ. ಮೊದಲು ಎಕ್ಸೆಲ್‌ನಿಂದ ಕಾಪಿ ಮಾಡಿ, ಸ್ಲೈಡ್‌ನಲ್ಲಿ ಪೇಸ್ಟ್ ಸ್ಪೆಷಲ್, ಅದರಲ್ಲಿ ಪೇಸ್ಟ್ ಲಿಂಕ್. ಟೇಬಲ್ ಬಂತು, ಆದರೆ ಶೋ ಓಡುವಾಗ ಅದರಲ್ಲಿ ಏನನ್ನೂ ಆರಿಸಲು ಆಗುವುದಿಲ್ಲ. ಫೈಲ್‌ಗಳನ್ನು ಇನ್ನೊಂದು ಲ್ಯಾಪ್‌ಟಾಪ್‌ಗೆ ಹಾಕಿದೆ, ಲಿಂಕೇ ತಪ್ಪಿಹೋಯಿತು. ಆಮೇಲೆ ಡೆವಲಪರ್ ಟ್ಯಾಬ್‌ನಿಂದ ಒಂದು ಕಾಂಬೋ ಬಾಕ್ಸ್ (ಬಾಣದ ಗುರುತು ಒತ್ತಿ ಆರಿಸುವ ಪಟ್ಟಿ) ಎಳೆದು ಸ್ಲೈಡ್ ಮೇಲೆ ಇಟ್ಟೆ. ಕೋಡ್‌ನಲ್ಲಿ ಬೆಳೆಗಳ ಹೆಸರು ತುಂಬಿದೆ, ಪಟ್ಟಿ ಬಂತು. ಸೇವ್ ಮಾಡಿ ಮುಚ್ಚಿ ಮರುದಿನ ತೆರೆದರೆ ಪಟ್ಟಿ ಖಾಲಿ. ಎಲ್ಲಿ ತಪ್ಪುತ್ತಿದ್ದೇನೆ?

ಹುಬ್ಬಳ್ಳಿ ಕೋರ್ಟ್ ಸರ್ಕಲ್

ಮೇಡಂ, ನೀವು ತಪ್ಪು ಮಾಡಿಲ್ಲ. ಎರಡೂ ಕಡೆ ಪವರ್‌ಪಾಯಿಂಟ್ ನಡೆದುಕೊಳ್ಳೋದೇ ಹಾಗೆ.

ಪೇಸ್ಟ್ ಲಿಂಕ್ ಅಂದರೆ ಎಕ್ಸೆಲ್ ಶೀಟಿನ ಒಂದು ಚಿತ್ರ ಇದ್ದ ಹಾಗೆ. ಹಿಂದೆ ಮೂಲ ಫೈಲ್ ಎಲ್ಲಿದೆ ಅನ್ನೋ ವಿಳಾಸ ಇರುತ್ತದೆ. ಆ ವಿಳಾಸ ಡ್ರೈವ್‌ನಿಂದ ಹಿಡಿದು ಪೂರ್ತಿ ಬರೆದಿರುತ್ತದೆ. ಅದಕ್ಕೇ ಬೇರೆ ಲ್ಯಾಪ್‌ಟಾಪ್‌ನಲ್ಲಿ ಸಿಗಲಿಲ್ಲ. ಫೈಲ್ ಮೆನುವಿನಲ್ಲಿ ಇನ್ಫೋಗೆ ಹೋಗಿ, ಕೆಳಗೆ ಬಲಗಡೆ ಎಡಿಟ್ ಲಿಂಕ್ಸ್ ಅಂತ ಇರುತ್ತದೆ, ಅಲ್ಲಿ ಹೊಸ ಜಾಗ ತೋರಿಸಬಹುದು. ತಿಂಗಳ ವರದಿಗೆ, ಒಂದು ಚಾರ್ಟ್ ಹೊಸದಾಗಿ ಕಾಣಿಸಬೇಕು ಅಂದರೆ ಇದು ಸಾಕು. ಜನ ಕೇಳಿದ್ದಕ್ಕೆ ಉತ್ತರ ಕೊಡೋ ಕೆಲಸ ಇದರಿಂದ ಆಗಲ್ಲ.

ಇನ್ನು ಕಾಂಬೋ ಬಾಕ್ಸ್. ಕೋಡ್‌ನಿಂದ ತುಂಬಿದ ಪಟ್ಟಿ ಫೈಲ್ ಜೊತೆ ಸೇವ್ ಆಗುವುದಿಲ್ಲ. ಪ್ರತಿ ಸಲ ಹೊಸದಾಗಿ ತುಂಬಬೇಕು. ಎಕ್ಸೆಲ್‌ನಲ್ಲಾದರೆ ಫೈಲ್ ತೆರೆದ ಕೂಡಲೇ ತಾನಾಗಿ ಓಡುವ ಕೋಡ್ ಬರೆಯಬಹುದು. ಪವರ್‌ಪಾಯಿಂಟ್‌ನಲ್ಲಿ ಸಾಮಾನ್ಯ ಪ್ರೆಸೆಂಟೇಶನ್‌ಗೆ ಆ ಅನುಕೂಲ ಇಲ್ಲ. ಹಾಗಾಗಿ ಕೆಲವರು ಪಟ್ಟಿಯ ಬಾಣದ ಗುರುತು ಒತ್ತಿದಾಗ ತುಂಬೋ ಹಾಗೆ ಮಾಡುತ್ತಾರೆ, ಕೆಲವರು ಸ್ಲೈಡ್ ಬದಲಾದಾಗ.

ನನ್ನ ಸಲಹೆ ಬೇರೆ. ಸ್ಲೈಡ್ ಮೇಲೆ ಕಂಟ್ರೋಲ್ ಇಡಲೇಬೇಡಿ. ಯೂಸರ್‌ಫಾರಂ ಮಾಡಿ, ಅಂದರೆ ಬೇರೆ ಚಿಕ್ಕ ಕಿಟಕಿಯಾಗಿ ತೆರೆಯುವ ಫಾರಂ. ಅದಕ್ಕೆ ತೆರೆಯುವಾಗ ಓಡುವ ಜಾಗ ಇದೆ, ಇನಿಶಿಯಲೈಜ್ ಅಂತ. ಅಲ್ಲಿ ಪಟ್ಟಿ ತುಂಬಿದರೆ ಪ್ರತಿ ಸಲ ಬರುತ್ತದೆ. ಇನ್ನೊಂದು ಕಾರಣವೂ ಇದೆ. ಆಫೀಸ್ 2024ರಿಂದ ಸ್ಲೈಡ್ ಮೇಲಿನ ಆ್ಯಕ್ಟಿವ್‌ಎಕ್ಸ್ ಕಂಟ್ರೋಲ್‌ಗಳನ್ನು (ನೀವು ಇಟ್ಟ ಕಾಂಬೋ ಬಾಕ್ಸ್ ಅದೇ ಜಾತಿಯದು) ಮೊದಲಿಂದಲೇ ಬಂದ್ ಮಾಡಿ ಕೊಡುತ್ತಿದ್ದಾರೆ. 2025ರಲ್ಲಿ ಮೈಕ್ರೋಸಾಫ್ಟ್ 365ಕ್ಕೂ ಅದೇ ಬಂತು. ಟ್ರಸ್ಟ್ ಸೆಂಟರ್‌ನಲ್ಲಿ ಮತ್ತೆ ಚಾಲೂ ಮಾಡಬಹುದು, ಆದರೆ ಮೇಳದ ದಿನ ಬೆಳಗ್ಗೆ ಯಾರದೋ ಲ್ಯಾಪ್‌ಟಾಪ್ ತಂದು ಅದನ್ನು ಹುಡುಕುತ್ತಾ ಕೂರೋದು ಬೇಡ ಅಲ್ವಾ?

ನಿಮ್ಮ ಹತ್ತಿರ ಇರೋದು ವಿಂಡೋಸ್ ತಾನೆ? ಮ್ಯಾಕ್ ಆದರೆ ಮಾತೇ ಬೇರೆ.

ರಾಣೆಬೆನ್ನೂರು ಬೀಜಪೇಟೆ

ಇಷ್ಟೆಲ್ಲ ಯಾಕೆ? ಎಕ್ಸೆಲ್‌ನಲ್ಲೇ ಡೇಟಾ ವ್ಯಾಲಿಡೇಶನ್ ಹಾಕಿ ಒಂದು ಪಟ್ಟಿ ಮಾಡಿ. ಪಕ್ಕದಲ್ಲಿ ವಿಲುಕಪ್, ಅಂದರೆ ಆರಿಸಿದ ಹೆಸರಿನ ಲೆಕ್ಕ ಹುಡುಕಿ ತರುವ ಸೂತ್ರ. ಅಕ್ಷರ ದೊಡ್ಡದು ಮಾಡಿ, ಗ್ರಿಡ್ ಗೆರೆ ತೆಗೆಯಿರಿ, ರಿಬ್ಬನ್ ಮುಚ್ಚಿ. ಟಿವಿಗೆ ಅದನ್ನೇ ಹಾಕಿ. ನಮ್ಮ ಅಂಗಡಿಯಲ್ಲಿ ಹೀಗೇ ಇದೆ. ಮ್ಯಾಕ್ರೋ ಅಂತ ಕೋಡ್ ಬರೆಯೋದಿಲ್ಲ, ತಲೆನೋವು ಇಲ್ಲ. ಬೀಜ ಕೊಳ್ಳೋಕೆ ಬಂದವರಿಗೆ ಸ್ಲೈಡ್ ಚೆಂದ ಬೇಕಾಗಿಲ್ಲ, ಲೆಕ್ಕ ಸರಿ ಬೇಕು.

ಎರೆಹೊಲ ನವಲಗುಂದ

@ರಾಣೆಬೆನ್ನೂರು ಬೀಜಪೇಟೆ ಅಣ್ಣಾ, ಅಂಗಡಿಯಲ್ಲಾದರೆ ನೀವು ಹೇಳಿದ್ದೇ ಸರಿ. ಅಲ್ಲಿ ಬರುವವರು ಬೀಜಕ್ಕೇ ಬಂದಿರುತ್ತಾರೆ. ಮೇಳದಲ್ಲಿ ಜನ ನಡೆದುಹೋಗುತ್ತಿರುತ್ತಾರೆ. ಅವರನ್ನು ನಿಲ್ಲಿಸಬೇಕು. ಸ್ಲೈಡ್‌ನಲ್ಲಿ ನಮ್ಮ ಹೊಲಗಳ ಫೋಟೋ ಇದೆ. ಬೀಜೋಪಚಾರ ಮಾಡೋ ಚಿಕ್ಕ ವಿಡಿಯೋ ಇದೆ. ಕೂರಿಗೆಯಿಂದ ಬಿತ್ತುವ ಚಿತ್ರ ಇದೆ. ಅದನ್ನು ನೋಡಿ ನಿಂತವರು ಪ್ರಶ್ನೆ ಕೇಳುತ್ತಾರೆ. ಆಗ ಫೋಟೋ ನಿಲ್ಲಿಸಿ ಎಕ್ಸೆಲ್‌ಗೆ ಹೋಗಿ, ಮತ್ತೆ ವಾಪಸ್ ಬಂದು... ಹಿಂದೆ ಒಮ್ಮೆ ಬೇರೆ ಕಡೆ ಹಾಗೆ ಮಾಡಿದೆವು. ಎಕ್ಸೆಲ್ ತೆರೆಯೋ ಹೊತ್ತಿಗೆ ಇಬ್ಬರು ಅಜ್ಜಂದಿರು ಮುಂದಿನ ಮಳಿಗೆಗೆ ಹೋಗಿಬಿಟ್ಟರು. ಅವರು ದೂರದಿಂದ ಬಂದವರು. ಉತ್ತರ ಸಿಗದೆ ಹೋದರಲ್ಲ ಅಂತ ಇವತ್ತಿಗೂ ಬೇಜಾರಾಗುತ್ತದೆ.

@ಹುಬ್ಬಳ್ಳಿ ಕೋರ್ಟ್ ಸರ್ಕಲ್ ಸರ್, ವಿಂಡೋಸ್ 11. ಯೂಸರ್‌ಫಾರಂ ಆಗಬಹುದು. ಎಕ್ಸೆಲ್‌ನಿಂದ ಅದಕ್ಕೆ ಮಾಹಿತಿ ಹೇಗೆ ತರೋದು ಅಂತ ಸ್ವಲ್ಪ ಬಿಡಿಸಿ ಹೇಳಿ.

ಹುಬ್ಬಳ್ಳಿ ಕೋರ್ಟ್ ಸರ್ಕಲ್

ಬಿಡಿಸಿಯೇ ಹೇಳುತ್ತೇನೆ. ಕೋಡ್ ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ, ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಮೊದಲು ಫೈಲ್ ಅನ್ನು ಪಿಪಿಟಿಎಂ (ಮ್ಯಾಕ್ರೋ ಇಟ್ಟುಕೊಳ್ಳುವ ಪವರ್‌ಪಾಯಿಂಟ್ ಫೈಲ್) ಆಗಿ ಸೇವ್ ಮಾಡಿ. ಪಿಪಿಟಿಎಕ್ಸ್ ಆಗಿ ಸೇವ್ ಮಾಡಿದರೆ ಬರೆದ ಕೋಡ್ ಎಲ್ಲ ಹೋಗುತ್ತದೆ. ಒಂದು ಫೋಲ್ಡರ್ ಮಾಡಿ, ಅದರಲ್ಲಿ ಪ್ರೆಸೆಂಟೇಶನ್ ಮತ್ತು ಎಕ್ಸೆಲ್ ಎರಡನ್ನೂ ಒಟ್ಟಿಗೆ ಇಡಿ. ಆಮೇಲೆ ಕೋಡ್‌ನಲ್ಲಿ ‘ಆ್ಯಕ್ಟಿವ್‌ಪ್ರೆಸೆಂಟೇಶನ್.ಪಾತ್’ ಅಂತ ಬರೆದು, ಅದರ ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ (\), ಆಮೇಲೆ ಎಕ್ಸೆಲ್ ಫೈಲಿನ ಹೆಸರು ಸೇರಿಸಿ. ಆಗ ಫೋಲ್ಡರ್ ಯಾವ ಲ್ಯಾಪ್‌ಟಾಪ್‌ಗೆ ಹೋದರೂ, ಪೆನ್‌ಡ್ರೈವ್‌ನಲ್ಲಿ ಇದ್ದರೂ ದಾರಿ ತಪ್ಪುವುದಿಲ್ಲ. ಒಂದೇ ಎಚ್ಚರ: ಫೋಲ್ಡರ್ ಒನ್‌ಡ್ರೈವ್ ಒಳಗೆ ಇರಬಾರದು. ಅಲ್ಲಿದ್ದರೆ ಆ ಸಾಲು ಡ್ರೈವ್ ವಿಳಾಸದ ಬದಲು ವೆಬ್ ವಿಳಾಸ ಕೊಡಬಹುದು.

ಆಲ್ಟ್ ಮತ್ತು ಎಫ್11 ಒತ್ತಿದರೆ ಎಡಿಟರ್. ಇನ್ಸರ್ಟ್ ಮೆನುವಿನಿಂದ ಒಂದು ಮಾಡ್ಯೂಲ್, ಒಂದು ಯೂಸರ್‌ಫಾರಂ ಹಾಕಿಕೊಳ್ಳಿ.

ಮಾಡ್ಯೂಲ್‌ನಲ್ಲಿ ಎಕ್ಸೆಲ್ ಓದೋ ಕೆಲಸ. ‘ಕ್ರಿಯೇಟ್‌ಆಬ್ಜೆಕ್ಟ್’ ಬಳಸಿ ಎಕ್ಸೆಲ್ ಅನ್ನು ಕಾಣದ ಹಾಗೆ ತೆರೆಯಿರಿ. ರೆಫರೆನ್ಸ್‌ನಲ್ಲಿ ಎಕ್ಸೆಲ್ ಲೈಬ್ರರಿ ಟಿಕ್ ಮಾಡೋ ದಾರಿಯೂ ಇದೆ. ಅದರಲ್ಲಿ ಬರೆಯೋದು ಸುಲಭ, ಆದರೆ ಹಳೆ ಆಫೀಸ್ ಇರುವ ಯಂತ್ರಕ್ಕೆ ಹೋದಾಗ ರೆಫರೆನ್ಸ್ ಮಿಸ್ಸಿಂಗ್ ಅಂತ ನಿಂತುಬಿಡಬಹುದು. ಮೇಳಕ್ಕೆ ಮೊದಲನೆಯದೇ ಒಳ್ಳೆಯದು. ಹೀಗೆ ತೆರೆದಾಗ ಎಕ್ಸೆಲ್‌ನ ಪದಗಳು ಪವರ್‌ಪಾಯಿಂಟ್‌ಗೆ ಗೊತ್ತಿರುವುದಿಲ್ಲ. ಕೊನೆಯ ಸಾಲು ಹುಡುಕಲು ‘ಎಕ್ಸ್‌ಎಲ್‌ಅಪ್’ ಅಂತ ಬರೆಯುತ್ತೇವಲ್ಲ, ಅದು ಇಲ್ಲಿ ನಡೆಯಲ್ಲ. ಅದರ ಬದಲು ಅದರ ಸಂಖ್ಯೆ ಹಾಕಿ: -4162. ಈ ಒಂದು ಸಂಖ್ಯೆ ಗೊತ್ತಿಲ್ಲದೆ ಎಷ್ಟೋ ಜನ ಇಡೀ ದಿನ ಕಳೆದಿದ್ದನ್ನು ಕಂಡಿದ್ದೇನೆ.

ಫೈಲನ್ನು ರೀಡ್‌ಓನ್ಲಿಯಾಗಿ ತೆರೆಯಿರಿ. ಎರಡನೇ ಸಾಲಿನಿಂದ ಕೊನೆಯ ಸಾಲಿನವರೆಗಿನ ರೇಂಜ್‌ನ ವ್ಯಾಲ್ಯೂ ಪೂರ್ತಿ ಒಂದೇ ಸಲ ಒಂದು ವೇರಿಯಬಲ್‌ಗೆ ತುಂಬಿಕೊಳ್ಳಿ. ಒಂದೊಂದೇ ಸೆಲ್ ಓದಬೇಡಿ, ನಿಧಾನ ಆಗುತ್ತದೆ. ತುಂಬಿಕೊಂಡ ಕೂಡಲೇ ವರ್ಕ್‌ಬುಕ್ ಮುಚ್ಚಿ, ಎಕ್ಸೆಲ್‌ಗೆ ‘ಕ್ವಿಟ್’ ಹೇಳಿ. ಇನ್ನು ಶೋ ಮುಗಿಯುವವರೆಗೆ ಎಕ್ಸೆಲ್ ಬೇಕಾಗಿಲ್ಲ. 40 ಸಾಲು ನೆನಪಿನಲ್ಲಿ ಇರುತ್ತವೆ.

ಯೂಸರ್‌ಫಾರಂ ಮೇಲೆ ಬೆಳೆಗೆ ಒಂದು ಪಟ್ಟಿ, ಎಕರೆಗೆ ಒಂದು ಬಾಕ್ಸ್, ಒಂದು ಬಟನ್. ಆರಿಸಿದ ಸಾಲು ಎಷ್ಟನೆಯದು ಅಂತ ಪಟ್ಟಿಯ ‘ಲಿಸ್ಟ್‌ಇಂಡೆಕ್ಸ್’ ಹೇಳುತ್ತದೆ. ಅದು 0ಯಿಂದ ಎಣಿಸುತ್ತದೆ. ಎಕ್ಸೆಲ್‌ನಿಂದ ಬಂದ ಮಾಹಿತಿ 1ರಿಂದ ಎಣಿಸುತ್ತದೆ. ಒಂದು ಕೂಡಿಸದೇ ಇದ್ದರೆ ಕಡಲೆ ಆರಿಸಿದವರಿಗೆ ಅದರ ಮೇಲಿನ ಸಾಲಿನ ಲೆಕ್ಕ ಬರುತ್ತದೆ, ಯಾರಿಗೂ ಗೊತ್ತಾಗಲ್ಲ. ಏನೂ ಆರಿಸದೆ ಬಟನ್ ಒತ್ತಿದರೆ ಅದು -1 ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಉತ್ತರ ಬರೆಯಲು ಸ್ಲೈಡ್ ಮೇಲೆ ಒಂದು ಟೆಕ್ಸ್ಟ್ ಬಾಕ್ಸ್ ಇಟ್ಟು, ಆಲ್ಟ್ ಮತ್ತು ಎಫ್10 ಒತ್ತಿ, ಬಲಗಡೆ ಬರುವ ಪಟ್ಟಿಯಲ್ಲಿ ಅದಕ್ಕೆ ನಿಮ್ಮದೇ ಹೆಸರು ಕೊಡಿ. ಇಲ್ಲದಿದ್ದರೆ ಟೆಕ್ಸ್ಟ್‌ಬಾಕ್ಸ್ 7, ಟೆಕ್ಸ್ಟ್‌ಬಾಕ್ಸ್ 12 ಅಂತ ಹುಡುಕುತ್ತಾ ಕೂರಬೇಕು. ಫಾರಂ ತೆರೆಯಲು ಸ್ಲೈಡ್‌ನಲ್ಲಿ ಒಂದು ಚಿತ್ರ ಇಟ್ಟು, ಇನ್ಸರ್ಟ್‌ನ ಆ್ಯಕ್ಷನ್‌ನಲ್ಲಿ ರನ್ ಮ್ಯಾಕ್ರೋ ಕೊಡಿ. ಆ ಮ್ಯಾಕ್ರೋದಲ್ಲಿ ಫಾರಂ ಅನ್ನು ಮೋಡ್‌ಲೆಸ್ ಆಗಿ ತೋರಿಸಿ. ಅಂದರೆ ‘ಶೋ’ ಮುಂದೆ 0. ಆಗ ಫಾರಂ ತೆರೆದಿದ್ದರೂ ಸ್ಲೈಡ್ ಶೋ ನಿಲ್ಲುವುದಿಲ್ಲ.

ಬೆಟಗೇರಿ ಗುಮಾಸ್ತ

ಕೋರ್ಟ್ ಸರ್ಕಲ್ ಸರ್ ಹೇಳಿದ್ದರಲ್ಲಿ ಆ ‘ಕ್ವಿಟ್’ ಸಾಲನ್ನು ಯಾರೂ ಮರೆಯಬೇಡಿ. ನನ್ನ ಅನುಭವ ಹೇಳುತ್ತೇನೆ.

ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಸಹಕಾರ ಅಂದರೆ ಗದಗ ಜಿಲ್ಲೆಯವರಿಗೆ ಅಭಿಮಾನ ಜಾಸ್ತಿ. 1905ರಲ್ಲಿ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಂಘ ಶುರುವಾದ ನೆಲ ಇದು. ವಾರ್ಷಿಕ ಮಹಾಸಭೆಯಲ್ಲಿ ಪ್ರತಿ ಸದಸ್ಯನಿಗೂ ತನ್ನ ಲೆಕ್ಕ ಕಾಣಬೇಕು ಅಂತ ನನಗೆ ಆಸೆ. ಸದಸ್ಯತ್ವದ ನಂಬರ್ ಹೇಳಿದರೆ ಷೇರು ಎಷ್ಟು, ಉಳಿತಾಯ ಎಷ್ಟು, ಸಾಲ ಎಷ್ಟು ಅಂತ ಪರದೆ ಮೇಲೆ ಬರೋ ಹಾಗೆ ಮಾಡಿದ್ದೆ. ಪ್ರತಿ ಸಲ ಬಟನ್ ಒತ್ತಿದಾಗ ಎಕ್ಸೆಲ್ ತೆರೆದು, ಓದಿ, ಮುಚ್ಚದೆ ಬಿಡುತ್ತಿದ್ದೆ. ಕಣ್ಣಿಗೆ ಕಾಣೋದಿಲ್ಲವಲ್ಲ! ಸುಮಾರು 30 ಜನರ ಲೆಕ್ಕ ತೋರಿಸುವಷ್ಟರಲ್ಲಿ ಲ್ಯಾಪ್‌ಟಾಪ್ ಮಿಸುಕಾಡದೆ ನಿಂತಿತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಎಕ್ಸೆಲ್ ಸಾಲಾಗಿ ಕೂತಿದೆ, ಒಂದರ ಕೆಳಗೆ ಒಂದು.

ಕೋಡ್ ಮಧ್ಯದಲ್ಲಿ ಎರರ್ ಬಂದು ನಿಂತರೂ ‘ಕ್ವಿಟ್’ ಸಾಲಿನವರೆಗೆ ಹೋಗೋದಿಲ್ಲ. ಹಾಗಾಗಿ ಎರರ್ ಬಂದಾಗಲೂ ಅಲ್ಲಿಗೇ ಹೋಗೋ ಹಾಗೆ ‘ಆನ್ ಎರರ್ ಗೋಟು’ ಹಾಕಿಕೊಳ್ಳಿ.

ಆದರೆ ಆ ಸಭೆಯಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಬೇರೆ. ಒಬ್ಬ ಹಿರಿಯರು ನಂಬರ್ ಹೇಳಿದರು. ಪರದೆ ಮೇಲೆ ಅವರ ಸಾಲ ಬಂತು, ಕಟ್ಟಬೇಕಾದ ಬಾಕಿಯೂ ಬಂತು. ಊರೆಲ್ಲ ಕೂತಿತ್ತು. ಅವರು ಏನೂ ಮಾತಾಡಲಿಲ್ಲ. ಟವಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ನಾನು ಮಾಡಿದ್ದು ತಪ್ಪು ಅಂತ ಆಗ ಗೊತ್ತಾಯಿತು. ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಮೇಲಿನ ವರ್ಷದಿಂದ ದೊಡ್ಡ ಪರದೆ ಮೇಲೆ ಸಂಘದ ಒಟ್ಟು ಲೆಕ್ಕ ಮಾತ್ರ. ಒಬ್ಬೊಬ್ಬರದು ನನ್ನ ಮುಂದಿನ ಲ್ಯಾಪ್‌ಟಾಪ್‌ನಲ್ಲಿ, ಅವರು ಬಂದು ಕೇಳಿದಾಗ. ಎರಡು ಪರದೆಗಳನ್ನು ಎಕ್ಸ್‌ಟೆಂಡ್ ಮಾಡಿ, ಯೂಸರ್‌ಫಾರಂ ಅನ್ನು ಲ್ಯಾಪ್‌ಟಾಪ್ ಕಡೆ ಎಳೆದು ಬಿಟ್ಟರೆ ಅಲ್ಲೇ ಇರುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ.

ನಿಮ್ಮದು ಬೀಜದ ಲೆಕ್ಕ, ಅಷ್ಟು ಗುಟ್ಟಿನದಲ್ಲ. ಆದರೂ ಅಕ್ಕಾ, ರೈತರ ಹೆಸರು, ಊರು, ಎಷ್ಟು ಹೊಲ ಅನ್ನೋದನ್ನು ಟಿವಿ ಮೇಲೆ ಒಟ್ಟಿಗೆ ಹಾಕಬೇಡಿ. ಬೆಳೆ ಮತ್ತು ಕೆಜಿ ಸಾಕು.

ಎರೆಹೊಲ ನವಲಗುಂದ

ಸರ್, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಫಾರಂನಲ್ಲಿ ‘ರೈತರ ಹೆಸರು’ ಅಂತ ಒಂದು ಬಾಕ್ಸ್ ಇಟ್ಟಿದ್ದೆ. ತೆಗೆದುಬಿಟ್ಟೆ.

ಕೋಡ್ ಓಡಿತು! ಎಕ್ಸೆಲ್‌ನಿಂದ 40 ಸಾಲೂ ಪಟ್ಟಿಗೆ ಬಂದವು. ಆದರೆ ಒಂದು ವಿಚಿತ್ರ. ಉತ್ತರದ ಮುಂದೆ ‘ಬೇಕಾಗುವ ಬೀಜ’ ಅಂತ ಬರಬೇಕು. ಅದನ್ನು ಕೋಡ್‌ನಲ್ಲೇ ಬರೆದಿದ್ದೇನೆ. ಸ್ಲೈಡ್‌ನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತಿವೆ. ಪಟ್ಟಿಯಲ್ಲಿನ ಬೆಳೆ ಹೆಸರುಗಳು ಮಾತ್ರ ಚೆನ್ನಾಗಿ ಕನ್ನಡದಲ್ಲೇ ಇವೆ. ಒಂದೇ ಫಾರಂನಲ್ಲಿ ಎರಡು ರೀತಿ ಯಾಕೆ?

ಹಾವೇರಿ ಟೀಚರ್

ಇದು ನಾನು ಚೆನ್ನಾಗಿ ಪಟ್ಟ ಪಾಡು, ಹಾಗಾಗಿ ನಾನೇ ಹೇಳುತ್ತೇನೆ. ಮಕ್ಕಳಿಗೆ ಕನ್ನಡ ಪದಗಳ ರಸಪ್ರಶ್ನೆ ಇದೇ ರೀತಿ ಮಾಡಿದ್ದೆ.

ಕೋಡ್ ಬರೆಯೋ ಆ ಎಡಿಟರ್ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೇ ಸಂಕೇತ ಪದ್ಧತಿ) ಅರಿಯದ ಕಾಲದ್ದು. ಅಲ್ಲಿ ಕನ್ನಡ ಅಂಟಿಸಿದರೆ ಅಕ್ಷರಗಳೇ ಉಳಿಯುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆ ಆಗುತ್ತವೆ. ಎಕ್ಸೆಲ್ ಸೆಲ್‌ನಲ್ಲಿರೋ ಕನ್ನಡಕ್ಕೆ ಏನೂ ಆಗುವುದಿಲ್ಲ. ಅದು ವೇರಿಯಬಲ್ ಮೂಲಕ ಬಂದರೂ ಕನ್ನಡವಾಗಿಯೇ ಸ್ಲೈಡ್ ಸೇರುತ್ತದೆ. ಹಾಗಾಗಿ ಕೋಡ್‌ನಲ್ಲಿ ಒಂದಕ್ಷರ ಕನ್ನಡವೂ ಬೇಡ. ಎಕ್ಸೆಲ್‌ನಲ್ಲಿ ಇನ್ನೊಂದು ಶೀಟ್ ಮಾಡಿ. ‘ಬೇಕಾಗುವ ಬೀಜ’, ‘ಕೆಜಿ’, ‘ದಯವಿಟ್ಟು ಬೆಳೆ ಆರಿಸಿ’, ಇಂಥ ಮಾತುಗಳನ್ನೆಲ್ಲ ಅಲ್ಲಿ ಬರೆದು, ಅಲ್ಲಿಂದಲೇ ತನ್ನಿ. ಸಣ್ಣ ಸಂದೇಶ ತೋರಿಸೋ ‘ಮೆಸೇಜ್‌ಬಾಕ್ಸ್’ ಕೂಡ ಕನ್ನಡ ತೋರಿಸುವುದಿಲ್ಲ. ಅದರ ಬದಲು ಫಾರಂನಲ್ಲಿ ಒಂದು ಲೇಬಲ್ ಇಟ್ಟು ಅದರಲ್ಲಿ ತೋರಿಸಿ. ಎಕ್ಸೆಲ್ ಫೈಲಿನ ಹೆಸರೂ ಇಂಗ್ಲಿಷ್‌ನಲ್ಲೇ ಇರಲಿ, ಅದೇ ಕಾರಣಕ್ಕೆ.

ಫಾಂಟ್ ಬಗ್ಗೆ: ನಿರ್ಮಲಾ ಯುಐ ಇಡಿ. ವಿಂಡೋಸ್ 8ರಿಂದ ಈಚೆಗೆ ಅದು ಜೊತೆಗೇ ಬರುತ್ತದೆ. ತುಂಗಾ ಚೆಂದ, ಆದರೆ ವಿಂಡೋಸ್ 10ರಿಂದ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಶೀಟ್ ಯಾರಾದರೂ ಕೊಟ್ಟರೆ ಹಾಗೇ ಸೇರಿಸಬೇಡಿ. ಅದು ಒಳಗೆ ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳು. ಫಾರಂಗೆ ಬಂದಾಗ ವೇಷ ಕಳಚುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ.

ಇನ್ನೊಂದು ವಿಷಯ ನನ್ನನ್ನು ಎರಡು ರಾತ್ರಿ ಕೂರಿಸಿತ್ತು. ‘ಗೋಧಿ’ ಅಂತ ಬರೆಯಿರಿ. ‘ಗೋ’ ಮೇಲಿನ ಓಕಾರವನ್ನು ಕಂಪ್ಯೂಟರ್ ಒಂದೇ ಗುರುತಾಗಿ ಇಡಬಹುದು. ಇಲ್ಲವೆ ಒಕಾರ ಮತ್ತು ದೀರ್ಘ ಅಂತ ಎರಡು ಗುರುತಾಗಿ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಕೋಡ್ ಹೋಲಿಸಿದರೆ ಎರಡೂ ಬೇರೆ. ಒಬ್ಬರು ಫೋನ್‌ನಲ್ಲಿ ಟೈಪ್ ಮಾಡಿ ಕಳಿಸಿದ್ದು, ಇನ್ನೊಬ್ಬರು ನುಡಿಯಲ್ಲಿ ಮಾಡಿದ್ದು ಸೇರಿದರೆ ಹೀಗಾಗುತ್ತದೆ. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದರೂ ಅಷ್ಟೇ. ಅದಕ್ಕೇ ಕೋರ್ಟ್ ಸರ್ಕಲ್ ಸರ್ ಹೇಳಿದ ಹಾಗೆ ಸಾಲಿನ ನಂಬರಿನಿಂದಲೇ ಹುಡುಕಿ. ಹೆಸರಿನಿಂದ ಹುಡುಕಬೇಡಿ. ಮೊದಲ ಪಟ್ಟಿಯಲ್ಲಿ ಬೆಳೆ, ಎರಡನೇ ಪಟ್ಟಿಯಲ್ಲಿ ತಳಿ ಅಂತ ಮಾಡಿದರೂ, ಎರಡನೆಯದರಲ್ಲಿ ಕಾಣದ ಒಂದು ಕಾಲಂ ಇಟ್ಟು ಸಾಲಿನ ನಂಬರ್ ಅದರಲ್ಲಿ ಬಚ್ಚಿಡಬಹುದು. ಆ ಕಾಲಂನ ಅಗಲ 0 ಮಾಡಿದರೆ ಆಯಿತು.

ಶಿಗ್ಗಾಂವಿ ಒಕ್ಕಲುತನ

ನನಗೆ ಕೋಡ್ ತಿಳಿಯಲ್ಲ. ಮಗ ಈ ಚರ್ಚೆ ತೋರಿಸಿದ. ಒಂದು ಮಾತು ಕೇಳಬೇಕಿತ್ತು ತಂಗಿ. ಎಕರೆ ಬಾಕ್ಸ್‌ನಲ್ಲಿ ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಹೇಗೆ ಬರೆಯುತ್ತೀರಿ? ಉತಾರದಲ್ಲಿ (ಪಹಣಿಯಲ್ಲಿ) 2-20 ಅಂತ ಇರುತ್ತದೆ. ನಮ್ಮ ಕಡೆ ಚೀಟಿಯಲ್ಲಿ ಬರೆಯುವಾಗ 2.20 ಅಂತಲೇ ಬರೆಯುತ್ತೇವೆ.

ಎರೆಹೊಲ ನವಲಗುಂದ

ಅಣ್ಣಾರ, ನೀವು ಕೇಳದೇ ಇದ್ದಿದ್ದರೆ ದೊಡ್ಡ ತಪ್ಪು ಆಗುತ್ತಿತ್ತು! ಈಗ ನಿಮ್ಮ ಲೆಕ್ಕವನ್ನೇ ಹಾಕಿ ನೋಡಿದೆ. ಕಡಲೆಗೆ ನಮ್ಮ ಶೀಟ್‌ನಲ್ಲಿ ಎಕರೆಗೆ 25 ಕೆಜಿ ಇದೆ. 2.20 ಅಂತ ಹಾಕಿದರೆ ಕಂಪ್ಯೂಟರ್ ಅದನ್ನು 2.2 ಎಕರೆ ಅಂತ ತಿಳಿದು 55 ಕೆಜಿ ಅಂದಿತು. ಆದರೆ ಎಕರೆಗೆ 40 ಗುಂಟೆ. ಇಪ್ಪತ್ತು ಗುಂಟೆ ಅಂದರೆ ಅರ್ಧ ಎಕರೆ. ಬೇಕಾಗೋದು 62.5 ಕೆಜಿ. ಏಳೂವರೆ ಕೆಜಿ ಕಡಿಮೆ. ಬಿತ್ತುವಾಗ ಕೊನೆಯ ಸಾಲುಗಳಿಗೆ ಬೀಜ ಸಾಲದೆ ಮತ್ತೆ ಪೇಟೆಗೆ ಓಡಬೇಕಾಗಿತ್ತು.

2.2 ಅಂದರೆ ಎರಡು ಎಕರೆ ಎರಡು ಗುಂಟೆಯೋ, ಇಪ್ಪತ್ತು ಗುಂಟೆಯೋ ಅನ್ನೋದೂ ಎಕ್ಸೆಲ್‌ಗೆ ಒಂದೇ. ಕೊನೆಯ ಸೊನ್ನೆಯನ್ನು ಅದು ಇಟ್ಟುಕೊಳ್ಳುವುದೇ ಇಲ್ಲ.

ಹಾಗಾಗಿ ಟೈಪ್ ಮಾಡೋ ಬಾಕ್ಸ್ ತೆಗೆದೆ. ಈಗ ಎರಡು ಪಟ್ಟಿ. ಒಂದರಲ್ಲಿ ಎಕರೆ 0ಯಿಂದ 50, ಇನ್ನೊಂದರಲ್ಲಿ ಗುಂಟೆ 0ಯಿಂದ 39. ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸುತ್ತೇನೆ. ಟೈಪ್ ಮಾಡುವುದು ತಪ್ಪಿದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ಕನ್ನಡ ಅಂಕಿ ‘೨’ ಒತ್ತಿಬಿಟ್ಟರೆ ಕೋಡ್‌ನ ‘ವ್ಯಾಲ್’ ಅದನ್ನು 0 ಅಂತ ಓದುತ್ತಿತ್ತು. ಈಗ ಆ ಚಿಂತೆ ಇಲ್ಲ.

ರಾಣೆಬೆನ್ನೂರು ಬೀಜಪೇಟೆ

ಈ ಗುಂಟೆ ಲೆಕ್ಕ ಓದಿ ನನ್ನ ಅಂಗಡಿ ಶೀಟ್ ತೆರೆದು ನೋಡಿದೆ. ಅದರಲ್ಲೂ ಇದೇ ತಪ್ಪು ಇದೆ. ಈಗಲೇ ಸರಿ ಮಾಡುತ್ತಿದ್ದೇನೆ. ಶಿಗ್ಗಾಂವಿ ಅಣ್ಣನಿಗೆ ದೊಡ್ಡ ನಮಸ್ಕಾರ.

ಅಕ್ಕಡಿ ಬಿತ್ತುವವರಿಗೆ ಏನು ಮಾಡುತ್ತೀರಿ ಅಕ್ಕಾ? ಜೋಳದಲ್ಲಿ ಕುಸುಬಿ ಸಾಲು ಹಾಕುವವರು ಬಹಳ ಜನ ಇದ್ದಾರೆ. ಎರಡೂ ಬೆಳೆಗೆ ಪೂರ್ತಿ ಎಕರೆ ಲೆಕ್ಕ ಹಾಕಿದರೆ ಬೀಜ ಜಾಸ್ತಿ ಕೊಂಡು ಹೋಗುತ್ತಾರೆ.

ಎರೆಹೊಲ ನವಲಗುಂದ

ಅಕ್ಕಡಿಯನ್ನು ಶೀಟ್‌ನಲ್ಲೇ ಬೇರೆ ಸಾಲಾಗಿ ಹಾಕಿದೆ. ‘ಜೋಳ, ಕುಸುಬಿ ಅಕ್ಕಡಿ’ ಅಂತ. ಎರಡರ ಕೆಜಿಗೂ ಎರಡು ಕಾಲಂ. ಎಷ್ಟು ಸಾಲಿಗೆ ಒಂದು ಅಕ್ಕಡಿ ಅನ್ನೋದನ್ನು ನಮ್ಮ ಹಿರಿಯರನ್ನು ಕೇಳಿ ತುಂಬುತ್ತೇನೆ. ಎರಡನೇ ಕಾಲಂ ಓದಲು ಮಾತ್ರ ಕೋಡ್ ಸ್ವಲ್ಪ ಬದಲಿಸಬೇಕು.

ಇನ್ನೊಂದು ತೊಂದರೆ. ಮೇಳಕ್ಕೆ ಒಯ್ಯೋ ಲ್ಯಾಪ್‌ಟಾಪ್‌ಗೆ ಫೈಲನ್ನು ಮೇಲ್‌ನಲ್ಲಿ ಕಳಿಸಿದೆ. ಅಲ್ಲಿ ತೆರೆದರೆ ಮೇಲೆ ಕೆಂಪು ಪಟ್ಟಿ, ಮ್ಯಾಕ್ರೋ ಬ್ಲಾಕ್ ಮಾಡಲಾಗಿದೆ ಅಂತ. ಅನುಮತಿ ಕೊಡೋ ಬಟನ್ ಕೂಡ ಇಲ್ಲ.

ಹುಬ್ಬಳ್ಳಿ ಕೋರ್ಟ್ ಸರ್ಕಲ್

ಮೇಲ್‌ನಲ್ಲಿ ಬಂದದ್ದಕ್ಕೆ ಹಾಗೆ. ಇಂಟರ್‌ನೆಟ್‌ನಿಂದ ಬಂದ ಫೈಲ್‌ಗೆ ವಿಂಡೋಸ್ ಒಂದು ಗುರುತು ಹಾಕುತ್ತದೆ. 2022ರಿಂದ ಆಫೀಸ್ ಅಂಥ ಫೈಲ್‌ಗಳ ಮ್ಯಾಕ್ರೋವನ್ನು ಮೊದಲಿಂದಲೇ ತಡೆಯುತ್ತದೆ. ಅದು ಒಳ್ಳೆಯದೇ, ಗೊತ್ತಿಲ್ಲದವರ ಫೈಲ್ ಆಗಿದ್ದರೆ. ನಿಮ್ಮದೇ ಫೈಲ್ ಆದ್ದರಿಂದ ಪವರ್‌ಪಾಯಿಂಟ್ ಮುಚ್ಚಿ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕೆಳಗೆ ಅನ್‌ಬ್ಲಾಕ್ ಟಿಕ್ ಮಾಡಿ ಓಕೆ ಕೊಡಿ. ಎಲ್ಲ ಮ್ಯಾಕ್ರೋಗಳಿಗೂ ಅನುಮತಿ ಕೊಡೋ ಸೆಟ್ಟಿಂಗ್ ಮಾತ್ರ ಒತ್ತಬೇಡಿ. ಆ ಲ್ಯಾಪ್‌ಟಾಪ್‌ನಲ್ಲಿ ನಾಳೆ ಬೇರೆಯವರೂ ಕೆಲಸ ಮಾಡುತ್ತಾರೆ.

ಮಳಿಗೆಯಲ್ಲಿ ಮಕ್ಕಳು ಮೌಸ್ ಒತ್ತಿ ಸ್ಲೈಡ್ ಮುಂದಕ್ಕೆ ಹೋಗಬಾರದು ಅಂದರೆ, ಸೆಟ್ ಅಪ್ ಸ್ಲೈಡ್ ಶೋನಲ್ಲಿ ಕಿಯೋಸ್ಕ್ ಆರಿಸಿ. ಸುಮ್ನೆ ಕ್ಲಿಕ್ ಮಾಡಿದರೆ ಸ್ಲೈಡ್ ಕದಲುವುದಿಲ್ಲ, ನೀವು ಆ್ಯಕ್ಷನ್ ಕೊಟ್ಟ ಚಿತ್ರ ಮಾತ್ರ ಕೆಲಸ ಮಾಡುತ್ತದೆ.

ಕೊನೆಗೆ ಒಂದು. ಕೋಡ್ ಎಲ್ಲಾದರೂ ನಿಂತು, ನೀವು ‘ಎಂಡ್’ ಒತ್ತಿದರೆ ನೆನಪಿನಲ್ಲಿದ್ದ 40 ಸಾಲೂ ಅಳಿಸಿಹೋಗುತ್ತವೆ. ಅದಕ್ಕೆ ಫಾರಂ ತೆರೆಯೋ ಮುಂಚೆ ‘ಈಸ್‌ಎಂಪ್ಟಿ’ ಅಂತ ಕೇಳಿ, ಖಾಲಿ ಇದ್ದರೆ ಮತ್ತೆ ಎಕ್ಸೆಲ್ ಓದೋ ಹಾಗೆ ಮಾಡಿ.

ಹಾವೇರಿ ಟೀಚರ್

ಕೈಯಲ್ಲಿ ಇನ್ನೊಂದು ಇರಲಿ ಅಂತ ಮ್ಯಾಕ್ರೋ ಇಲ್ಲದ ಒಂದು ಫೈಲ್ ಕೂಡ ಮಾಡಿಕೊಳ್ಳಿ. ಮೊದಲ ಸ್ಲೈಡ್‌ನಲ್ಲಿ ಬೆಳೆಗಳ ಚಿತ್ರ, ಒಂದೊಂದಕ್ಕೂ ಹೈಪರ್‌ಲಿಂಕ್, ಒತ್ತಿದರೆ ಆ ಬೆಳೆಯ ಸ್ಲೈಡ್. ಅಲ್ಲಿ ಒಂದು ಎಕರೆಯ ಲೆಕ್ಕ. ಯಾವ ಯಂತ್ರದಲ್ಲೂ ಓಡುತ್ತದೆ. ಗುಣಿಸೋದನ್ನು ನೀವು ಬಾಯಲ್ಲೇ ಹೇಳಬಹುದು.

ಎರೆಹೊಲ ನವಲಗುಂದ

ಮೇಳ ಮುಗಿಸಿ ಬಂದೆ. ನಾಲ್ಕು ಮಾತು ಬರೆಯದೇ ಇರಲು ಮನಸ್ಸಾಗುತ್ತಿಲ್ಲ.

ಫಾರಂ ಓಡಿತು, ಎಲ್ಲ ದಿನವೂ. ಒಂದು ಸಲ ಮಾತ್ರ ಕರೆಂಟ್ ಹೋಗಿ ಟಿವಿ ಆರಿತು, ಲ್ಯಾಪ್‌ಟಾಪ್‌ನಲ್ಲೇ ತೋರಿಸಿದೆ. ಟೀಚರ್ ಹೇಳಿದ ಎರಡನೇ ಫೈಲ್ ಬೇಕಾಗಲಿಲ್ಲ, ಆದರೆ ಅದು ಇದೆ ಅನ್ನೋ ಧೈರ್ಯ ಇತ್ತು. ಗುಂಟೆ ಪಟ್ಟಿ ನೋಡಿ ಒಬ್ಬ ಅಜ್ಜ "ಇದು ನಮ್ಮ ಉತಾರದ ಲೆಕ್ಕಾನೇ ಐತಲ್ಲವಾ" ಅಂದರು.

ಮೊದಲ ದಿನ ಸಂಜೆ ಅಣ್ಣಿಗೇರಿ ಕಡೆಯ ಒಬ್ಬ ಅಕ್ಕ ಬಂದರು. ಅವರು ಕೇಳಿದ್ದು ಅಗಸಿ. ನನ್ನ ಪಟ್ಟಿಯಲ್ಲಿ ಅಗಸಿ ಇರಲೇ ಇಲ್ಲ. "ಯಾರೂ ಅಗಸಿ ಹಾಕೋದಿಲ್ಲ ಅಂತ ಬಿಟ್ಟಿರೇನು? ನಾನು ಹಾಕ್ತೀನಿ" ಅಂದರು. ನಾಳೆಯೂ ಇರುತ್ತೀರಾ ಅಂತ ಕೇಳಿದೆ. ಇರುತ್ತೇನೆ, ಅಕ್ಕನ ಮಗಳ ಮನೆ ಇಲ್ಲೇ ಅಂದರು. ರಾತ್ರಿ ಕೃಷಿ ತಿಳಿದವರನ್ನು ಕೇಳಿ, ಎಕ್ಸೆಲ್‌ನಲ್ಲಿ ಕೊನೆಗೆ ಅಗಸಿಯ ಒಂದು ಸಾಲು ಬರೆದು ಸೇವ್ ಮಾಡಿದೆ. ಅಷ್ಟೇ. ಸ್ಲೈಡ್ ಮುಟ್ಟಲಿಲ್ಲ, ಕೋಡ್ ಮುಟ್ಟಲಿಲ್ಲ. ಬೆಳಗ್ಗೆ ಫಾರಂ ತೆರೆದಾಗ ಪಟ್ಟಿಯ ಕೊನೆಯಲ್ಲಿ ಅಗಸಿ ಬಂದಿತ್ತು.

ಹುಬ್ಬಳ್ಳಿ ಕೋರ್ಟ್ ಸರ್ಕಲ್

-4162 ಕೆಲಸ ಮಾಡಿದೆ ಅಂತಾಯಿತು. ಆ ಅಕ್ಕ ಮರುದಿನ ಬಂದರಾ?

ಎರೆಹೊಲ ನವಲಗುಂದ

ಹತ್ತು ಗಂಟೆಗೇ ಬಂದರು ಸರ್. ಒಂದು ಎಕರೆ ಹತ್ತು ಗುಂಟೆ.